ಲಿನಕ್ಸ್‌ಗೆ ಆಡಿಯೋ ಇಂಟರ್ಫೇಸ್ ಸಿಕ್ಕಿಸಿದೆ, ಸದ್ದೇ ಇಲ್ಲ. ಡ್ರೈವರ್ ಎಲ್ಲಿ ಸಿಗುತ್ತೆ?

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರು ಹಾಡುವವರು, ಪಾಡ್‌ಕಾಸ್ಟ್ ಮಾಡುವವರು, ಕಥೆ ಓದಿ ರೆಕಾರ್ಡ್ ಮಾಡುವವರು. ಒಳ್ಳೆ ಮೈಕ್ ತಗೊಂಡಿರುತ್ತಾರೆ. ಅದನ್ನು ಕಂಪ್ಯೂಟರ್‌ಗೆ ಜೋಡಿಸೋಕೆ ಒಂದು ಪುಟ್ಟ ಪೆಟ್ಟಿಗೆ, ಅಂದರೆ ಯುಎಸ್‌ಬಿ ಆಡಿಯೋ ಇಂಟರ್ಫೇಸ್, ಅದನ್ನೂ ತಗೊಂಡಿರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಉಬುಂಟುವೋ ಮಿಂಟೋ, ಹೀಗೆ ಯಾವುದೋ ಒಂದು ಬಗೆಯ ಲಿನಕ್ಸ್ ಇರುತ್ತದೆ. ಸಿಕ್ಕಿಸಿದರೆ ಸದ್ದಿಲ್ಲ. ಡಬ್ಬಿಯ ಮೇಲೆ ನೋಡಿದರೆ ವಿಂಡೋಸ್, ಮ್ಯಾಕ್ ಎರಡೇ ಹೆಸರು. ಆಗ ನನಗೆ ಫೋನ್: ‘ಇದರ ಲಿನಕ್ಸ್ ಡ್ರೈವರ್ ಎಲ್ಲಿ ಡೌನ್‌ಲೋಡ್ ಮಾಡೋದು?’

ಎಲ್ಲೂ ಮಾಡಬೇಡಿ. ಅದು ಆಗಲೇ ನಿಮ್ಮ ಹತ್ತಿರ ಇದೆ.

ಯುಎಸ್‌ಬಿಯಲ್ಲಿ ಸದ್ದು ಹೇಗೆ ಸಾಗಬೇಕು ಅನ್ನೋದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಇದೆ. ಮೊದಲನೆಯದು 1998ರಲ್ಲಿ ಬಂತು, ಎರಡನೆಯ ಆವೃತ್ತಿ 2006ರಲ್ಲಿ. ಈ ನಿಯಮ ಪಾಲಿಸುವ ಪೆಟ್ಟಿಗೆಗೆ ‘ಕ್ಲಾಸ್ ಕಂಪ್ಲಯಂಟ್’ ಅನ್ನುತ್ತಾರೆ. ಅಂಥವನ್ನು ನಡೆಸುವ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇದೆ. ಕೊಳ್ಳುವ ಮೊದಲು ಒಂದು ಸುಲಭದ ಪರೀಕ್ಷೆ: ಡ್ರೈವರ್ ಇಲ್ಲದೆ ಐಪ್ಯಾಡ್‌ಗೆ ನಡೆಯುತ್ತದೆ ಅಂತ ಬರೆದಿದೆಯಾ ನೋಡಿ. ಇದ್ದರೆ ಲಿನಕ್ಸ್‌ನಲ್ಲೂ ಬಹುಪಾಲು ನಡೆದೇ ನಡೆಯುತ್ತದೆ.

ಹಾಗಾದರೆ ಸದ್ದು ಯಾಕೆ ಬರಲಿಲ್ಲ? ಗದ್ದೆಗೆ ನೀರು ಬರದಿದ್ದರೆ ಏನು ಮಾಡುತ್ತೇವೆ? ತೂಬಿನಿಂದ ಶುರುಮಾಡಿ ಕಾಲುವೆ ಗುಂಟ ನಡೆದು, ಎಲ್ಲಿ ಒಡೆದಿದೆ ನೋಡುತ್ತೇವೆ. ಇಲ್ಲೂ ಅಷ್ಟೇ ಕೆಲಸ. ಕೇಬಲ್, ಕರ್ನಲ್, ಸೌಂಡ್ ಸರ್ವರ್, ಕೊನೆಗೆ ರೆಕಾರ್ಡ್ ಮಾಡುವ ಆಪ್. ಸದ್ದು ಇದೇ ದಾರಿಯಲ್ಲಿ ಬರುತ್ತದೆ.

ನಮ್ಮ ಮಲೆನಾಡಿನ ಕಡೆ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಗಮಕ ಓದುತ್ತಾರೆ. ಹೊರದೇಶದಲ್ಲಿರುವ ಮೊಮ್ಮಕ್ಕಳಿಗೆ ರೆಕಾರ್ಡ್ ಮಾಡಿ ಕಳಿಸಬೇಕು ಅಂತ ಆಸೆ. ‘ನಿಮ್ಮ ಲಿನಕ್ಸು ಸರಿ ಇಲ್ಲ ಕಣಯ್ಯ, ಲೈಟ್ ಉರೀತಿದೆ, ಸದ್ದು ಹೋಗ್ತಿಲ್ಲ’ ಅಂದರು. ಹೋದೆ. ಹೌದು, ಪೆಟ್ಟಿಗೆಯ ಮುಂದೆ ಹಸಿರು ಲೈಟ್ ಉರಿಯುತ್ತಿತ್ತು. ಕಮ್ಯಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆಗೆದು ‘ಎಲ್‌ಎಸ್‌ಯುಎಸ್‌ಬಿ’ (lsusb) ಹೊಡೆದೆ. ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ಪಟ್ಟಿ ಮಾಡುವ ಕಮ್ಯಾಂಡ್ ಅದು. ಮೌಸ್ ಇತ್ತು, ವೆಬ್‌ಕ್ಯಾಮ್ ಇತ್ತು, ಇಂಟರ್ಫೇಸ್ ಇರಲಿಲ್ಲ.

‘ಈ ಕೇಬಲ್ ಯಾವುದು ಮೇಷ್ಟ್ರೇ?’

‘ಡಬ್ಬಿಯಲ್ಲಿದ್ದದ್ದು ಗಿಡ್ಡ ಆಯ್ತು. ಫೋನ್ ಚಾರ್ಜರಿಂದು ಉದ್ದ ಇತ್ತಲ್ಲ, ಹಾಕಿದೆ.’

ಚಾರ್ಜ್ ಮಾಡೋಕೆ ಮಾತ್ರ ಆಗುವ ಅಗ್ಗದ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಅದಕ್ಕೇ ಲೈಟ್ ಉರಿಯುತ್ತದೆ, ಸದ್ದು ಹೋಗುವುದಿಲ್ಲ. ಗಿಡ್ಡ ಕೇಬಲ್ ಹಾಕಿ, ಟೇಬಲ್ಲನ್ನೇ ಹತ್ತಿರಕ್ಕೆ ಎಳೆದೆವು. ಪಟ್ಟಿಯಲ್ಲಿ ಹೆಸರು ಬಂತು. ಇನ್ನೊಂದು ಇಂಥದ್ದೇ ಕಳ್ಳ ಅಂದರೆ ನಾಲ್ಕು ಸಾಧನ ಸಿಕ್ಕಿಸಿರುವ ಯುಎಸ್‌ಬಿ ಹಬ್. ಯುಎಸ್‌ಬಿ 2 ಪೋರ್ಟು ಕೊಡುವುದೇ 500 ಮಿಲಿಆಂಪ್. ಅದರಲ್ಲಿ ಎಲ್ಲರೂ ಪಾಲು ಕೇಳಿದರೆ, ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಕೊಡಬೇಕಾದ ಪೆಟ್ಟಿಗೆಗೆ ಉಸಿರು ಸಾಲುವುದಿಲ್ಲ. ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ. ಅಂದಹಾಗೆ ಆ 48 ವೋಲ್ಟ್ ಗುಂಡಿ ಒತ್ತೋದನ್ನು ಮರೆತು ಎರಡು ದಿನ ಹುಡುಕಿದವರೂ ಇದ್ದಾರೆ. ನಾನೂ ಒಬ್ಬ.

ಪಟ್ಟಿಯಲ್ಲಿ ಹೆಸರು ಬಂತು ಅಂದರೆ ಮುಂದಿನದು ಆಲ್ಸಾ. ಕರ್ನಲ್‌ನಲ್ಲಿ ಸದ್ದಿನ ಹೊಣೆ ಹೊತ್ತ ಭಾಗ ಇದು. ಟರ್ಮಿನಲ್‌ನಲ್ಲಿ ‘ಆಲ್ಸಾಮಿಕ್ಸರ್’ (alsamixer) ತೆರೆದು ಎಫ್6 ಒತ್ತಿದರೆ ಸೌಂಡ್ ಕಾರ್ಡ್‌ಗಳ ಹೆಸರು ಬರುತ್ತವೆ. ನಿಮ್ಮದನ್ನು ಆರಿಸಿ. ಯಾವುದಾದರೂ ಕಂಬದ ಕೆಳಗೆ ‘ಎಂಎಂ’ ಅಂತಿದ್ದರೆ ಅದು ಮ್ಯೂಟ್ ಆಗಿದೆ, ಎಂ ಒತ್ತಿ ಬಿಡಿಸಿ. ಈ ಸಾಧನಕ್ಕೆ ಯಾವ ಕಂಟ್ರೋಲೂ ಇಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬಂದರೆ ಗಾಬರಿ ಬೇಡ. ತಿರುಗಿಸುವ ಗುಬ್ಬಿಗಳೆಲ್ಲ ಪೆಟ್ಟಿಗೆಯ ಮೇಲೇ ಇವೆ, ಕಂಪ್ಯೂಟರ್‌ನಿಂದ ಬದಲಿಸುವಂಥದ್ದು ಏನಿಲ್ಲ ಅಂತ ಅರ್ಥ, ಅಷ್ಟೆ.

ಜನ ಜಾಸ್ತಿ ಎಡವುವುದು ಮೂರನೇ ಜಾಗದಲ್ಲಿ, ಸೌಂಡ್ ಸರ್ವರ್‌ನಲ್ಲಿ. ಬ್ರೌಸರ್, ಹಾಡಿನ ಆಪ್, ರೆಕಾರ್ಡರ್, ಎಲ್ಲದರ ಸದ್ದನ್ನೂ ಸೇರಿಸಿ ಹಂಚುವವನು ಇವನು. ಮೊದಲು ಆ ಕೆಲಸ ಪಲ್ಸ್‌ಆಡಿಯೋದ್ದು. ಈಗ ಹೆಚ್ಚಿನ ಕಡೆ ವಿಮ್ ಟೇಮನ್ಸ್ ಶುರುಮಾಡಿದ ಪೈಪ್‌ವೈರ್. ಫೆಡೋರಾ ಎಂಬ ಲಿನಕ್ಸ್ 2021ರಲ್ಲಿ ಇದಕ್ಕೆ ಬದಲಾಯಿತು, ಉಬುಂಟು 2022ರ ಅಕ್ಟೋಬರ್‌ನಲ್ಲಿ. ಇದನ್ನು ಹೇಳಲು ಕಾರಣ ಇದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಅರ್ಧ ಸಲಹೆಗಳು ಅದಕ್ಕೂ ಹಿಂದಿನವು. ‘ಪಲ್ಸ್‌ಆಡಿಯೋ ಕಿತ್ತುಹಾಕಿ’ ಅಂತ 2012ರಲ್ಲಿ ಯಾರೋ ಬರೆದ ಸಾಲನ್ನು ಇವತ್ತು ಸುಮ್ನೆ ಟರ್ಮಿನಲ್‌ಗೆ ಅಂಟಿಸಬೇಡಿ. ಬರೆದ ವರ್ಷ ನೋಡಿ, ಆಮೇಲೆ ಕೈ ಹಾಕಿ.

ಇಲ್ಲಿ ನನ್ನ ನೆಚ್ಚಿನ ಉಪಕರಣ ‘ಪಾವುಕಂಟ್ರೋಲ್’ (pavucontrol) ಎಂಬ ಆಪ್. ಹಳೆಯದು, ನೋಡಲು ಚೆಂದ ಇಲ್ಲ, ಆದರೆ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಮುಚ್ಚಿಡುವುದನ್ನೆಲ್ಲ ತೋರಿಸುತ್ತದೆ. ಪೈಪ್‌ವೈರ್ ಜೊತೆಗೂ ನಡೆಯುತ್ತದೆ. ಅದರ ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ಪ್ರತಿ ಸಾಧನಕ್ಕೂ ಒಂದು ಪ್ರೊಫೈಲ್ ಇರುತ್ತದೆ. ಅದು ‘ಆಫ್’ ಆಗಿದ್ದರೆ ಸದ್ದಿಲ್ಲ. ಔಟ್‌ಪುಟ್ ಮಾತ್ರ ಇದ್ದರೆ ಹಾಡು ಕೇಳುತ್ತದೆ, ಆದರೆ ಮೈಕ್ ಎಂಬುದು ಯಾವ ಆಪ್‌ಗೂ ಕಾಣುವುದಿಲ್ಲ. ‘ಡ್ಯೂಪ್ಲೆಕ್ಸ್’, ಅಂದರೆ ಔಟ್‌ಪುಟ್ ಇನ್‌ಪುಟ್ ಎರಡೂ ಇರುವುದನ್ನು ಆರಿಸಿ. ನಾಲ್ಕೋ ಎಂಟೋ ಇನ್‌ಪುಟ್ ಇರುವ ದೊಡ್ಡ ಪೆಟ್ಟಿಗೆಯಾದರೆ ‘ಪ್ರೊ ಆಡಿಯೋ’ ಆರಿಸಿ, ಎಲ್ಲ ಚಾನೆಲ್‌ಗಳೂ ಇದ್ದ ಹಾಗೇ ಬರುತ್ತವೆ. ಎಚ್‌ಡಿಎಂಐ ಮಾನಿಟರ್ ಇದ್ದವರು ಇನ್ನೊಂದನ್ನೂ ನೋಡಿ. ಎಷ್ಟೋ ಸಲ ಸದ್ದು ಸ್ಪೀಕರೇ ಇಲ್ಲದ ಆ ಮಾನಿಟರ್‌ಗೆ ಹೋಗಿ ಕೂತಿರುತ್ತದೆ.

ಮೇಷ್ಟ್ರ ಮನೆಯಲ್ಲಿ ರೆಕಾರ್ಡೇನೋ ಆಯಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿದವರು ಬಲಗಿವಿ ಉಜ್ಜಿಕೊಂಡರು. ‘ಈ ಕಿವಿಗೆ ಕೇಳಲ್ವಲ್ಲೋ, ವಯಸ್ಸಾಯ್ತಾ?’ ವಯಸ್ಸಲ್ಲ. ಎರಡು ಇನ್‌ಪುಟ್ ಇರುವ ಪೆಟ್ಟಿಗೆಯನ್ನು ಕಂಪ್ಯೂಟರ್ ಒಂದು ಸ್ಟೀರಿಯೋ ಜೋಡಿ ಅಂದುಕೊಳ್ಳುತ್ತದೆ. ಒಂದನೆಯದು ಎಡ, ಎರಡನೆಯದು ಬಲ. ಮೈಕ್ ಒಂದನೆಯದರಲ್ಲಿದ್ದರೆ ದನಿ ಎಡಗಿವಿಗೆ ಮಾತ್ರ. ರೆಕಾರ್ಡ್ ಮಾಡುವ ಆಪ್ ಅಡಾಸಿಟಿಯಲ್ಲಿ ಮೋನೋ, ಅಂದರೆ ಒಂದೇ ಚಾನೆಲ್, ಆರಿಸಿ ರೆಕಾರ್ಡ್ ಮಾಡಿದರೆ ಮುಗಿಯಿತು. ವಿಡಿಯೋ ರೆಕಾರ್ಡ್ ಮಾಡೋಕೆ ಓಬಿಎಸ್ ಆಪ್ ಬಳಸುವವರಿಗೆ ಅಡ್ವಾನ್ಸ್‌ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಮೋನೋ ಅಂತ ಒಂದು ಟಿಕ್ ಇದೆ.

ಸದ್ದು ಬರುತ್ತದೆ, ಆದರೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುತ್ತದೆ. ಇದು ಬೇರೆಯೇ ರೋಗ. ಪೈಪ್‌ವೈರ್ ಸಾಮಾನ್ಯವಾಗಿ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಪುಟ್ಟ ಪುಟ್ಟ ಅಳತೆಗಳ ಲೆಕ್ಕದಲ್ಲಿ ಓಡುತ್ತದೆ. ಒಂದೊಂದನ್ನೇ ಕಳಿಸುವುದಿಲ್ಲ, ಬುಟ್ಟಿ ತುಂಬಿಸಿ ಕಳಿಸುತ್ತದೆ. ಆ ಬುಟ್ಟಿಯೇ ಬಫರ್. 1,024 ಸ್ಯಾಂಪಲ್‌ನ ಬುಟ್ಟಿಗೆ ಸುಮಾರು 21 ಮಿಲಿಸೆಕೆಂಡ್ ಬೇಕು, 256ರದ್ದಕ್ಕೆ 5 ಚಿಲ್ಲರೆ. ಮುಂದಿನ ಬುಟ್ಟಿ ಬರುವುದರೊಳಗೆ ಕಂಪ್ಯೂಟರ್ ಹಿಂದಿನದರ ಕೆಲಸ ಮುಗಿಸಬೇಕು. ಮುಗಿಸದಿದ್ದರೆ ಒಂದು ಚಟ್. ಟರ್ಮಿನಲ್‌ನಲ್ಲಿ ‘ಪಿಡಬ್ಲ್ಯು-ಟಾಪ್’ (pw-top) ಓಡಿಸಿ, ಎರರ್ ಎಣಿಸುವ ಕಾಲಂ ನೋಡಿ. ಚಟ್ ಅಂದಾಗೆಲ್ಲ ಅಲ್ಲಿನ ಅಂಕಿ ಏರುತ್ತಿದ್ದರೆ ಬಫರ್ ಚಿಕ್ಕದಾಗಿದೆ ಅಂತ. ದೊಡ್ಡದು ಮಾಡಿ. ದೊಡ್ಡದಾದರೆ ನಿಮ್ಮ ದನಿ ಹೆಡ್‌ಫೋನಿಗೆ ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ ಅಲ್ವಾ? ಅದಕ್ಕೇ ಪೆಟ್ಟಿಗೆಯ ಮೇಲೆ ಡೈರೆಕ್ಟ್ ಮಾನಿಟರ್ ಗುಂಡಿ ಇರುವುದು. ಅದನ್ನು ಒತ್ತಿದರೆ ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ. ಇದರಲ್ಲೊಂದು ಮೋಸವೂ ಇದೆ: ಕಂಪ್ಯೂಟರ್‌ಗೆ ಏನೂ ಹೋಗದಿದ್ದರೂ ನಿಮಗೆ ನಿಮ್ಮ ದನಿ ಚೆನ್ನಾಗಿಯೇ ಕೇಳುತ್ತಿರುತ್ತದೆ. ಪರದೆಯ ಮೇಲಿನ ಮೀಟರ್ ಕುಣಿಯುತ್ತಿದೆಯಾ ನೋಡಿ, ಕಿವಿ ನಂಬಬೇಡಿ.

ಒಂದೇ ಸಮನೆ ‘ಗುಂಯ್’ ಅನ್ನುತ್ತಿದ್ದರೆ ಸಾಫ್ಟ್‌ವೇರ್ ಮುಟ್ಟಲೇಬೇಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನೋಡಿ. ನಿಂತರೆ ತಪ್ಪು ಕರೆಂಟಿನ ಕಡೆಯದು. ನಮ್ಮ ಹಳೆಯ ಮನೆಗಳ ಪ್ಲಗ್ಗಿನಲ್ಲಿ ಮೂರು ತೂತು ಇದ್ದರೂ ಅರ್ಥಿಂಗ್ ಇರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಎಲೆಕ್ಟ್ರಿಷಿಯನ್ ಬರುವವರೆಗೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.

ಡ್ರೈವರ್ ಇದ್ದೂ ಪೂರ್ತಿ ಕೆಲಸ ಆಗದ ಪೆಟ್ಟಿಗೆಗಳೂ ಇವೆ, ಸುಳ್ಳು ಹೇಳಲ್ಲ. ಒಳಗೇ ಮಿಕ್ಸರ್, ಎಫೆಕ್ಟ್ ಇಟ್ಟು, ಅದನ್ನು ತಮ್ಮ ವಿಂಡೋಸ್ ಆಪ್‌ನಿಂದಲೇ ತಿರುಗಿಸಬೇಕು ಅನ್ನುವಂಥವು. ಸದ್ದು ಬರುತ್ತದೆ, ಆ ಸೆಟ್ಟಿಂಗ್‌ಗಳು ಕೈಗೆ ಸಿಗುವುದಿಲ್ಲ. ಕೆಲವಕ್ಕೆ ಪುಣ್ಯಾತ್ಮರು ದಾರಿ ಮಾಡಿದ್ದಾರೆ. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಸಾಲಿನ ಪೆಟ್ಟಿಗೆಗಳಿಗೆ ಜೆಫ್ರಿ ಬೆನೆಟ್ ಎನ್ನುವವರು ಕರ್ನಲ್‌ಗೇ ಬೆಂಬಲ ಸೇರಿಸಿ, ತಿರುಗಿಸೋಕೆ ಒಂದು ಆಪ್ ಕೂಡ ಬರೆದುಕೊಟ್ಟಿದ್ದಾರೆ. ಎಲ್ಲ ಕಂಪನಿಗೂ ಅಂಥವರು ಸಿಗುವುದಿಲ್ಲ. ಅದಕ್ಕೇ ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು, ಗುಬ್ಬಿಗಳೆಲ್ಲ ಹೊರಗೇ ಇರುವ ಸಾದಾ ಪೆಟ್ಟಿಗೆ ತಗೊಳ್ಳಿ ಅಂತ.

ಇಷ್ಟೆಲ್ಲ ನೋಡಿಯೂ ಆಗದಿದ್ದರೆ ಧಾರಾಳವಾಗಿ ನನ್ನನ್ನು ಕೇಳಿ. ‘ವರ್ಕ್ ಆಗ್ತಿಲ್ಲ’ ಅಂತಷ್ಟೇ ಬರೆಯಬೇಡಿ. ಪೆಟ್ಟಿಗೆಯ ಮಾಡೆಲ್ ಹೆಸರು, ಎಲ್‌ಎಸ್‌ಯುಎಸ್‌ಬಿ ತೋರಿಸಿದ ಪಟ್ಟಿ, ಪಾವುಕಂಟ್ರೋಲ್‌ನ ಕಾನ್ಫಿಗರೇಶನ್ ಟ್ಯಾಬ್‌ನ ಒಂದು ಫೋಟೋ ಕಳಿಸಿ. ಕೇಬಲ್ಲಿನ ಫೋಟೋ ಇದ್ದರೆ ಅದನ್ನೂ.