ರೆಕಾರ್ಡಿನ ಆ ಕಡೆ

ಇವತ್ತು ಬೆಳಗ್ಗಿನಿಂದ ಡೂ-ವಾಪ್ ಗುಂಗು. 1950ರ ದಶಕದ ಅಮೆರಿಕದ ಹಾಡುಗಳು. ಹಾಡಿದವರಲ್ಲಿ ಹೆಚ್ಚಿನವರು ಬೀದಿ ಮೂಲೆಯಲ್ಲಿ ನಿಂತು ಹಾಡುತ್ತಿದ್ದ ಬಡ ಹುಡುಗರು. ವಾದ್ಯ ಇಲ್ಲದಿದ್ದರೇನಂತೆ, ಬಾಯಲ್ಲೇ ಬೇಸ್ ಗಿಟಾರಿನಂಥ ದಪ್ಪ ಸ್ವರ, ಬಾಯಲ್ಲೇ ತಾಳ!

ಫೈವ್ ಸ್ಯಾಟಿನ್ಸ್ ತಂಡದ ‘ಇನ್ ದ ಸ್ಟಿಲ್ ಆಫ್ ದ ನೈಟ್’ ಕೇಳಿದ್ದೀರಾ? 1956ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ರೆಕಾರ್ಡ್ ಆಗಿದ್ದು. ಬರೆದು ಹಾಡಿದ ಫ್ರೆಡ್ ಪ್ಯಾರಿಸ್ ಆಗ ಸೈನ್ಯದಲ್ಲಿದ್ದ. ಹಾಡು ರೇಡಿಯೋದಲ್ಲಿ ಓಡುವಾಗ ಅವನು ಜಪಾನಿನಲ್ಲಿ ಡ್ಯೂಟಿ ಮಾಡುತ್ತಿದ್ದ. ಹಣೆಬರಹ ನೋಡಿ.

ಹೆಡ್‌ಫೋನ್ ಹಾಕಿ ಕೇಳಬೇಕು. ಡ್ರಮ್ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗಿದೆ. ಹಿಂದಿನವರ ‘ಶೂ-ಡೂ’ ಒಮ್ಮೊಮ್ಮೆ ಮುಂದಿನ ದನಿಯನ್ನೇ ತಳ್ಳಿಕೊಂಡು ಬರುತ್ತದೆ. ನಡುವೆ ಸ್ಯಾಕ್ಸೊಫೋನ್, ಸ್ವಲ್ಪ ಒರಟು, ಏನೂ ಅವಸರವಿಲ್ಲ. ಈಗಿನ ಸ್ಟುಡಿಯೋದವರಾದರೆ ಎಲ್ಲ ಉಜ್ಜಿ ಉಜ್ಜಿ ನುಣುಪು ಮಾಡಿಬಿಡುತ್ತಿದ್ದರು. ನನಗಂತೂ ಆ ನೆಲಮಾಳಿಗೆಯ ಗುಂಯ್ ಅನ್ನುವ ಸದ್ದೇ ಇಷ್ಟ.

ಆಗಿನ ಈ ಸಣ್ಣ ರೆಕಾರ್ಡುಗಳಿಗೆ ಎರಡು ಬದಿ, ಬದಿಗೊಂದು ಹಾಡು. ತಮಾಷೆ ಅಂದರೆ, ಮೊದಲು ಇದು ರೆಕಾರ್ಡಿನ ಹಿಂಬದಿಯ ಹಾಡು! ಮುಂಬದಿಯಲ್ಲಿದ್ದದ್ದು ‘ದ ಜೋನ್ಸ್ ಗರ್ಲ್’. ಅದನ್ನು ಈಗ ಯಾರು ಕೇಳುತ್ತಾರೆ ಹೇಳಿ? ಗೆದ್ದ ಹಾಡು ಕೂಡ ಆಗ ಅಮೆರಿಕದ ಪಾಪ್ ಚಾರ್ಟಿನಲ್ಲಿ, ಅಂದರೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ, 24ನೇ ಸ್ಥಾನದಿಂದ ಮೇಲೆ ಹತ್ತಲಿಲ್ಲ. ಆ ಕಾಲದ ಎಷ್ಟು ರೆಕಾರ್ಡುಗಳನ್ನು ಯಾರೂ ತಿರುಗಿಸಿ ಹಾಕಲೇ ಇಲ್ಲವೋ ಏನೋ. ಇವತ್ತು ನನ್ನ ಕೆಲಸ ಅದೇ, ಸಿಕ್ಕಿದ ಹಳೆ ಹಾಡಿನ ಹಿಂಬದಿ ಹುಡುಕುವುದು. ಅರ್ಧಕ್ಕರ್ಧ ಬೋರು, ಸುಳ್ಳು ಯಾಕೆ ಹೇಳಲಿ. ಆದರೂ ನಿಲ್ಲಿಸೋಕೆ ಮನಸ್ಸಿಲ್ಲ. ನಿಮಗೆ ಗೊತ್ತಿರುವ ಒಳ್ಳೆ ಹಿಂಬದಿ ಹಾಡಿದ್ದರೆ ಕಳಿಸಿ.