ಕಲಬುರಗಿಯಲ್ಲಿ ಸಮುದ್ರ ಎಲ್ಲಿ ಅದ?

ಯಾವ ಮದುವೆಗೆ ಹೋದರೂ ಊಟಕ್ಕೆ ಕೂತಾಗ ಇದೇ ಪ್ರಶ್ನೆ. “ನಮ್ಮ ಹಳ್ಳದಾಗೇ ನೀರಿಲ್ಲ, ನೀ ಸಮುದ್ರದ ಪಾಚಿ ಇಟ್ಕೊಂಡು ಏನ್ ಮಾಡ್ತಿ ಯವ್ವಾ?” ನಾನು ಮೈಕ್ರೋಬಯಾಲಜಿಯವಳು. ಸಮುದ್ರ ಪಾಚಿಯ ಕಸ ತಿನ್ನಿಸಿ ಬ್ಯಾಕ್ಟೀರಿಯಾಗಳ ಕೈಲಿ ಪ್ಲಾಸ್ಟಿಕ್‌ನಂಥ ಪಾಲಿಮರ್ ಮಾಡಿಸುವುದು ನನ್ನ ಕೆಲಸ.

ಸಮುದ್ರ ಇಲ್ಲದಿದ್ದರೂ ಪಾಚಿ ನಮ್ಮ ಲ್ಯಾಬಿಗೆ ಹೊಸದಲ್ಲ. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಬರುವುದೇ ಕೆಂಪು ಪಾಚಿಯಿಂದ. ಅಗರ್ ತೆಗೆದ ಮೇಲೆ ಉಳಿಯುವ ಚರಟ ಇದೆಯಲ್ಲ, ನನಗೆ ಬೇಕಾದ್ದು ಅದು. ಒಣಗಿಸಿ ಚೀಲಕ್ಕೆ ತುಂಬಿದರೆ ಎಲ್ಲಿಗಾದರೂ ಬರುತ್ತದೆ. ಹಸಿಯದ್ದನ್ನು ತರಿಸಿದರೆ ಸುಮ್ನೆ ನೀರಿಗೆ ಲಾರಿ ಬಾಡಿಗೆ ಕೊಟ್ಟಂತೆ.

ಚರಟದಲ್ಲಿ ಸೆಲ್ಯುಲೋಸ್ ಎಂಬ ನಾರು ಇರುತ್ತದೆ. ತೆಳು ಆ್ಯಸಿಡ್ಡಿನಲ್ಲಿ ಬೇಯಿಸಿದರೆ, ಇಲ್ಲವೇ ಎಂಜೈಮ್ ಹಾಕಿದರೆ, ಒಡೆದು ಸಕ್ಕರೆಯಾಗುತ್ತದೆ. ಆ ರಸವನ್ನು ಬ್ಯಾಕ್ಟೀರಿಯಾಗೆ ಕೊಡುತ್ತೇವೆ, ಆದರೆ ನೈಟ್ರೋಜನ್ ಬೇಕಂತಲೇ ಕಮ್ಮಿ. ಸಕ್ಕರೆ ಧಾರಾಳ ಇದೆ, ಸಂಖ್ಯೆ ಹೆಚ್ಚಿಸಿಕೊಳ್ಳಲು ಮಾತ್ರ ಆಗುತ್ತಿಲ್ಲ. ಆಗ ಅದು, ಹಿಂದೆ ನಮ್ಮ ಕಡೆ ಹಗೇವಿನಲ್ಲಿ ಜೋಳ ಕೂಡಿಡುತ್ತಿದ್ದ ಹಾಗೆ, ಹೆಚ್ಚಾದದ್ದನ್ನು ಮೈಯೊಳಗೇ ಪಿಎಚ್‌ಬಿ ಎಂಬ ಪಾಲಿಮರಿನ ಕಾಳುಗಳಾಗಿ ಕೂಡಿಡುತ್ತದೆ. ಫ್ರಾನ್ಸಿನ ಮೊರಿಸ್ ಲೆಮ್ವಾನ್ 1926ರಲ್ಲೇ ಇದನ್ನು ಗುರುತಿಸಿದ್ದರು. ಕೆಲವು ಬ್ಯಾಕ್ಟೀರಿಯಾಗಳ ಒಣತೂಕದಲ್ಲಿ ಶೇ. 80ರವರೆಗೂ ಇದೇ ಇರಬಹುದು.

ಬ್ಯಾಕ್ಟೀರಿಯಾ ಸವರಿದ ಸ್ಲೈಡಿಗೆ ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ, ಮೇಲೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗುಲಾಬಿ ಮೈಯೊಳಗೆ ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಕೂತಿರುತ್ತವೆ. ಆಮೇಲೆ ಒಣಗಿಸಿ, ಕ್ಲೋರೋಫಾರ್ಮಿನಲ್ಲಿ ಪಾಲಿಮರ್ ಕರಗಿಸಿ, ಸೋಸಿ, ಗಾಜಿನ ತಟ್ಟೆಗೆ ಸುರಿದರೆ ಕ್ಲೋರೋಫಾರ್ಮ್ ಹಾರಿಹೋಗಿ ಬಿಳಿ ಪೊರೆಯೊಂದು ಉಳಿಯುತ್ತದೆ. ಅಂಚು ಹಿಡಿದು ಮೆಲ್ಲಗೆ ಎಬ್ಬಿಸಬೇಕು. ಮಡಚಿದರೆ ಪಟ್ ಅಂತ ಮುರಿಯುತ್ತದೆ. ಪಿಎಚ್‌ಬಿಯ ದೊಡ್ಡ ಕೊರತೆ ಇದೇ, ಅದು ಪೆಡಸು. ವ್ಯಾಲರೇಟ್ ಎಂಬ ಇನ್ನೊಂದು ಘಟಕ ಸರಪಳಿಯಲ್ಲಿ ಸೇರಿಕೊಂಡರೆ ಸ್ವಲ್ಪ ಬಾಗುತ್ತದೆ.

“ಹಂಗಾದ್ರ ನಮ್ಮ ತೊಗರಿ ಹೊಟ್ಟು ಯಾಕ ಬ್ಯಾಡ?” ಎಂದು ಒಬ್ಬರು ಕಾಕಾ ಕೇಳಿದರು. ಇದು ಸರಿಯಾದ ಪ್ರಶ್ನೆ. ಆದರೆ ಹೊಟ್ಟು ಕಸವಲ್ಲ, ದನದ ಮೇವು. ಎಮ್ಮೆಯ ಬಾಯಿಂದ ಕಿತ್ತು ಬ್ಯಾಕ್ಟೀರಿಯಾಗೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ತೊಗರಿ ಕಟ್ಟಿಗೆ ಆಗಬಹುದು. ಒಲೆಗೆ ಹೋಗಿ ಉಳಿದದ್ದನ್ನು ಹೊಲದಲ್ಲೇ ಸುಡುತ್ತಾರಲ್ವಾ? ತೊಡಕು ಲಿಗ್ನಿನ್‌ನದು. ಕಟ್ಟಿಗೆಗೆ ಗಟ್ಟಿತನ ಕೊಡುವುದೇ ಅದು, ಸೆಲ್ಯುಲೋಸನ್ನು ಬಿಡದೆ ಹಿಡಿದಿರುತ್ತದೆ. ಮೊದಲು ಅದನ್ನು ಬಿಡಿಸಬೇಕು. ಪಾಚಿಯಲ್ಲಿ ಲಿಗ್ನಿನ್ ಇಲ್ಲವೆನ್ನುವಷ್ಟು ಕಮ್ಮಿ, ಅದಕ್ಕೇ ಅಲ್ಲಿಂದ ಶುರು ಮಾಡಿದ್ದು. ಗ್ಲೂಕೋಸ್ ಆದಮೇಲೆ ಅದು ರಾಮೇಶ್ವರದ ಕಡೆಯ ಪಾಚಿಯದೋ ಜೇವರ್ಗಿಯ ತೊಗರಿಯದೋ, ಬ್ಯಾಕ್ಟೀರಿಯಾ ಕೇಳುವುದಿಲ್ಲ.

ಕ್ಯಾರಿಬ್ಯಾಗ್ ಯಾವಾಗ ಅಂದರೆ, ಸದ್ಯಕ್ಕಿಲ್ಲ. ಪೆಟ್ರೋಲಿಯಂ ಪ್ಲಾಸ್ಟಿಕ್ಕಿಗಿಂತ ಇದು ಇನ್ನೂ ದುಬಾರಿ. ಇದೇ ಬಳಗದ ಪಾಲಿಮರಿನಿಂದ ಮಾಡಿದ, ಮೈಯಲ್ಲೇ ಕರಗುವ ಹೊಲಿಗೆ ದಾರಕ್ಕೆ ಅಮೆರಿಕದಲ್ಲಿ 2007ರಲ್ಲೇ ಒಪ್ಪಿಗೆ ಸಿಕ್ಕಿದೆ. ಆಪರೇಷನ್ ಥಿಯೇಟರಿನಲ್ಲಿ ದಾರದ ಕೆಜಿ ರೇಟು ಯಾರೂ ಕೇಳುವುದಿಲ್ಲ. ಕಿರಾಣಿ ಅಂಗಡಿಯವರು ಮೊದಲು ಕೇಳುವುದೇ ಅದು.