ಮತ್ತೆ ಪಿಟ್ಸ್‌ಬರ್ಗಿಗೆ, ಅದೇ 61ಬಿ ಬಸ್ಸಿನಲ್ಲಿ

ಮದುವೆಯಾಗಿ ಅಮೆರಿಕಕ್ಕೆ ಬಂದಾಗ ನಮ್ಮ ಮೊದಲ ಸಂಸಾರ ಪಿಟ್ಸ್‌ಬರ್ಗಿನಲ್ಲಿ. ಇವರು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ನನ್ನದು ಓದಲು ಬಂದವರ ಹೆಂಡತಿಗೆ ಕೊಡುವ ಎಫ್-2 ವೀಸಾ, ಕೆಲಸಕ್ಕೆ ಹೋಗುವ ಹಾಗಿಲ್ಲ. ಕಾರಿರಲಿಲ್ಲ, ಗುರುತಿನವರೂ ಕಡಿಮೆ. ಮಾತಾಡಲು ಇವರಿಗೆ ನಾನು, ನನಗೆ ಇವರು. ಈಗ ನಾವಿರುವುದು ಟೆಕ್ಸಾಸ್‌ನಲ್ಲಿ. 2023ರ ಅಕ್ಟೋಬರಿನಲ್ಲಿ ಮಕ್ಕಳನ್ನು ಸ್ನೇಹಿತರ ಮನೆಯಲ್ಲಿ ಬಿಟ್ಟು, ಇಬ್ಬರೇ ಆ ಊರಿಗೆ ಹೋಗಿ ಬಂದೆವು.

ಅಲಿಗೇನಿ ಮತ್ತು ಮೊನಾಂಗಹೀಲ ನದಿಗಳು ಕೂಡಿ ಒಹಾಯೊ ನದಿಯಾಗುವ ಜಾಗ ಅದು. ಎಲ್ಲೆಲ್ಲೂ ಗುಡ್ಡ, ಕಣಿವೆ, 400ಕ್ಕೂ ಜಾಸ್ತಿ ಸೇತುವೆಗಳು. ಒಂದು ಕಾಲಕ್ಕೆ ಉಕ್ಕಿನ ಊರು. 1980ರ ದಶಕದ ಹೊತ್ತಿಗೆ ಕಾರ್ಖಾನೆಗಳು ಬಹುಪಾಲು ಬಾಗಿಲು ಹಾಕಿದವು. ನಾವು ಹೋದಾಗ ಊರು ಆಸ್ಪತ್ರೆಗಳನ್ನೂ ವಿಶ್ವವಿದ್ಯಾಲಯಗಳನ್ನೂ ನಂಬಿಕೊಂಡು ಚೇತರಿಸಿಕೊಳ್ಳುತ್ತಿತ್ತು.

ನೋಡಬೇಕಾದ್ದನ್ನೆಲ್ಲ ಮೊದಲ ದಿನವೇ ಮುಗಿಸಿದೆವು. 1877ರಲ್ಲಿ ಶುರುವಾದ, ಹಳಿಯ ಮೇಲೆ ಹಗ್ಗ ಎಳೆದು ಗುಡ್ಡ ಹತ್ತಿಳಿಸುವ ಡುಕೇನ್ ಇನ್‌ಕ್ಲೈನಿನ ಮರದ ಡಬ್ಬಿಯಲ್ಲಿ ಕೂತು ಮೌಂಟ್ ವಾಷಿಂಗ್ಟನ್ ಹತ್ತಿದೆವು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೂ ಹೋದೆವು. ಎಲ್ಲ ಚೆನ್ನಾಗಿತ್ತು. ಆದರೆ ನಾವು ಅಷ್ಟು ದೂರ ಹೋಗಿದ್ದು ಅದಕ್ಕಲ್ಲ. ಮರುದಿನ ಬಾಡಿಗೆ ಕಾರನ್ನು ಹೋಟೆಲಿನಲ್ಲೇ ಬಿಟ್ಟು, ಆ ದಿನಗಳಲ್ಲಿ ನಾವು ಓಡಾಡುತ್ತಿದ್ದ 61ಬಿ ಬಸ್ಸು ಹತ್ತಿದೆವು.

ಆಗಿನ ಟಿಕೆಟ್ ಪದ್ಧತಿ ವಿಚಿತ್ರವಾಗಿತ್ತು. ಡೌನ್‌ಟೌನ್ ಕಡೆ ಹೋಗುವುದಾದರೆ ಹತ್ತುವಾಗ ದುಡ್ಡು, ಅಲ್ಲಿಂದ ಹೊರಗೆ ಬರುವುದಾದರೆ ಇಳಿಯುವಾಗ. ಈಗ ಎಲ್ಲದಕ್ಕೂ ಹತ್ತುವಾಗಲೇ.

ವಿಶ್ವವಿದ್ಯಾಲಯಗಳಿರುವ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಇಳಿದೆವು. ಅಲ್ಲಿಯ ಕಾರ್ನೆಗಿ ಲೈಬ್ರರಿ ಶುರುವಾಗಿದ್ದು 1895ರಲ್ಲಿ. ಜನರಿಗೆ ಉಚಿತ ಎಂದು ಬಾಗಿಲ ಮೇಲೆ ಕಲ್ಲಿನಲ್ಲೇ ಕೆತ್ತಿದ್ದಾರೆ. ಕೈಯಲ್ಲಿ ದುಡ್ಡಿಲ್ಲದ ಹೊಸ ಮದುವಣಗಿತ್ತಿಯನ್ನು ಆ ಬಾಗಿಲು ದಿನವಿಡೀ ಒಳಗಿರಲು ಬಿಟ್ಟಿತು. ಬೆಚ್ಚಗೆ ಕೂತು ಓದಿದೆ, ಕಂಪ್ಯೂಟರ್ ಕಲಿತೆ. ಮುಂದೆ ನನಗೆ ಸಿಕ್ಕ ಕೆಲಸಕ್ಕೆ ಬುನಾದಿ ಬಿದ್ದದ್ದು ಅಲ್ಲಿಯೇ. ಆ ಋಣ ದೊಡ್ಡದು.

ಪಕ್ಕದ ಮ್ಯೂಸಿಯಂ ಹೊರಗೆ ಡಿಪ್ಪಿ ಎಂಬ ಡೈನೋಸಾರಿನ ಪ್ರತಿಮೆ ಇದೆ. ಚಳಿ ಬಂತೆಂದರೆ ಅದರ ಉದ್ದ ಕುತ್ತಿಗೆಗೆ ಸ್ಕಾರ್ಫ್ ಸುತ್ತುತ್ತಾರೆ. ಸಂಜೆ ಇವರು ಲ್ಯಾಬ್ ಮುಗಿಸಿ ಬರುವವರೆಗೆ ನಾನು ಕಾಯುತ್ತಿದ್ದದ್ದು ಅದರ ಹತ್ತಿರ. ನನ್ನ ಹತ್ತಿರ ಫೋನಿರಲಿಲ್ಲ. ತಡವಾದರೆ ಸುಮ್ನೆ ಫೋರ್ಬ್ಸ್ ಅವೆನ್ಯೂ ಕಡೆ ನೋಡುತ್ತಾ ನಿಲ್ಲುವುದು. ಚಳಿಗೆ ಎಲ್ಲರೂ ಕಪ್ಪು ಜಾಕೆಟ್ಟು, ತಲೆ ಮೇಲೆ ಟೋಪಿ, ಮುಖವೇ ಕಾಣದು. ಬಲ ಭುಜ ಸ್ವಲ್ಪ ಇಳಿಸಿ, ನೆಲ ನೋಡಿಕೊಂಡು ಬೇಗ ಬೇಗ ನಡೆದು ಬರುತ್ತಿದ್ದರೆ ಅದು ಇವರೇ. ಗಂಡನನ್ನು ದೂರದಿಂದ ನಡಿಗೆಯಲ್ಲೇ ಗುರುತು ಹಿಡಿಯುವುದನ್ನು ನಾನು ಕಲಿತದ್ದು ಆ ಫುಟ್‌ಪಾತಿನ ಮೇಲೆ. ಇದನ್ನು ಹೇಳಿದಾಗ ಇವರು ಅಲ್ಲೇ ನಿಂತುಬಿಟ್ಟರು. ಇಷ್ಟು ವರ್ಷದಲ್ಲಿ ಈ ಮಾತು ಬಂದೇ ಇರಲಿಲ್ಲ.

ಮತ್ತೆ ಬಸ್ಸು ಹಿಡಿದು ನಮ್ಮ ಹಳೆಯ ಮನೆಯಿದ್ದ ರೀಜೆಂಟ್ ಸ್ಕ್ವೇರ್ ಕಡೆ ಹೊರಟೆವು. ದಾರಿಯಲ್ಲಿ ಫ್ರಿಕ್ ಪಾರ್ಕಿನ ಕಣಿವೆ ದಾಟಿಸುವ ಫರ್ನ್ ಹಾಲೊ ಸೇತುವೆ ಬರುತ್ತದೆ. ಇವರು ದಿನಾ ಓಡಾಡಿದ್ದು ಅದರ ಮೇಲೆಯೇ. 2022ರ ಜನವರಿ 28ರ ಬೆಳಗ್ಗೆ ಆ ಸೇತುವೆ ಕುಸಿದು ಬಿತ್ತು. ನೀರು ಸರಿಯಾಗಿ ಹರಿದು ಹೋಗದೆ ಉಕ್ಕಿನ ಕಾಲುಗಳು ತುಕ್ಕು ಹಿಡಿದಿದ್ದವು. ಮೇಲಿದ್ದ ಉದ್ದನೆಯ ಬಸ್ಸೂ ಅದರ ಜೊತೆಗೇ ಕುಸಿಯಿತು. ಜನರಿಗೆ ಗಾಯಗಳಾದವು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ದಿನ ಇವರು ಫೋನಿನಲ್ಲಿ ಅದೇ ಫೋಟೋ ನೋಡುತ್ತಾ ಕೂತಿದ್ದರು, ತಿಂಡಿ ತಿನ್ನಲಿಲ್ಲ.

ವರ್ಷ ತುಂಬುವುದರೊಳಗೆ, ಆ ಡಿಸೆಂಬರಿನಲ್ಲೇ, ಕಾಂಕ್ರೀಟಿನ ಹೊಸ ಸೇತುವೆ ತೆರೆದರು. ಅಗಲವಾಗಿದೆ, ಗಟ್ಟಿಯಾಗಿದೆ. ಬಸ್ಸು ಅದರ ಮೇಲೆ ಬಂದಾಗ ಎರಡೂ ಕಡೆ ಮರಗಳು ಕೆಂಪು ಹಳದಿ ಬಣ್ಣಕ್ಕೆ ತಿರುಗಿದ್ದವು. ಇವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಎರಡನೇ ವರ್ಷ ನನ್ನ ಫಂಡಿಂಗ್ ನಿಲ್ಲೋದ್ರಲ್ಲಿತ್ತು ಕಣೇ. ನಿನಗೆ ಹೇಗೆ ಹೇಳೋದು ಅಂತ ಪ್ರತಿ ಸಂಜೆ ಈ ಸೇತುವೆ ಬಂದಾಗ ಯೋಚಿಸ್ತಿದ್ದೆ. ದಾಟೋ ಹೊತ್ತಿಗೆ ಬೇಡ ಅನ್ನಿಸ್ತಿತ್ತು."

ಪಕ್ಕದಲ್ಲೇ ಕೂತು ಬರುತ್ತಿದ್ದ ನನಗೆ ಒಂದು ದಿನವೂ ಗೊತ್ತಾಗಲಿಲ್ಲ. "ಹೇಳಬೇಕಿತ್ತು ರೀ" ಅಂದೆ. "ಈಗ ಹೇಳಿದ್ನಲ್ಲ" ಅಂದರು.

ಮನೆ ಹಾಗೇ ಇದೆ. ಇಟ್ಟಿಗೆ ಗೋಡೆ, ಹೊರಗಿನಿಂದ ಮೆಟ್ಟಿಲು. ಯಾರದೋ ಸೈಕಲ್ಲು ನಿಂತಿತ್ತು. ಬಾಗಿಲು ತಟ್ಟಲು ಮನಸ್ಸಾಗಲಿಲ್ಲ. ಬೀದಿಯ ಕೊನೆಯವರೆಗೂ ನಡೆದು, ಬಾಕಿ ಉಳಿದಿದ್ದ ಮಾತನ್ನೆಲ್ಲ ಆಡಿದೆವು. ನಾನೂ ಒಂದೆರಡು ಸಂಗತಿ ಹೇಳಿದೆ. ಮುಂದಿನ ಸಲ ಜನವರಿಯಲ್ಲಿ ಹೋಗಬೇಕು ಅಂತ ಇವರ ಆಸೆ. ಆ ಊರಿನ ಚಳಿ ಇಬ್ಬರಿಗೂ ಗೊತ್ತಿದೆ, ಆದರೂ ನಾನು ಒಪ್ಪಿದ್ದೇನೆ.